ಮಕ್ಕಳ ಅಲ್ಟಿಮೇಟ್ ಫ್ರಿಸ್ಬೀ: ಸ್ಪಿರಿಟ್ ಅಂಕ 20ಕ್ಕೆ 10 ಬಂದರೆ ಬೇಜಾರು ಯಾಕೆ?

ತಣ್ಣೀರುಬಾವಿ_ಗಾಳಿ | ಭಾನುವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಮಂಗಳೂರಲ್ಲಿ ನಾವು ಕೆಲವರು ಸೇರಿ ರಜಾ ದಿನಗಳಲ್ಲಿ ಮಕ್ಕಳಿಗೆ ಅಲ್ಟಿಮೇಟ್ ಫ್ರಿಸ್ಬೀ ಹೇಳಿಕೊಡುತ್ತೇವೆ. 10ರಿಂದ 15 ವರ್ಷದ ಹುಡುಗ ಹುಡುಗಿಯರು ಒಂದೇ ಟೀಮಲ್ಲಿ ಸೇರಿ ಆಡುತ್ತಾರೆ. ಇವತ್ತು ಉಡುಪಿ ಕಡೆಯ ಮಕ್ಕಳನ್ನೂ ಕರೆದು ಬೀಚಲ್ಲಿ ಸಣ್ಣ ಟೂರ್ನಮೆಂಟ್ ಮಾಡಿದೆವು. ಆಟ ತುಂಬ ಚೆನ್ನಾಗಿತ್ತು. ಗಲಾಟೆ ಶುರುವಾದದ್ದು ಆಟ ಮುಗಿದ ಮೇಲೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ತಟ್ಟೆಯಂಥ ಡಿಸ್ಕನ್ನು ಒಬ್ಬರಿಂದೊಬ್ಬರಿಗೆ ಎಸೆಯುತ್ತಾ ಹೋಗಿ, ಮೈದಾನದ ಎದುರು ತುದಿಯ ಎಂಡ್ ಝೋನಿನಲ್ಲಿ ಹಿಡಿದರೆ ಪಾಯಿಂಟ್. ಈ ಆಟದಲ್ಲಿ ರೆಫರಿ ಇಲ್ಲ. ಫೌಲ್ ಆಯ್ತಾ, ಡಿಸ್ಕ್ ನೆಲಕ್ಕೆ ತಾಗಿತಾ, ಕಾಲು ಗೆರೆ ಮುಟ್ಟಿತಾ, ಎಲ್ಲವನ್ನೂ ಆಡುವವರೇ ಮಾತಾಡಿ ತೀರ್ಮಾನ ಮಾಡಬೇಕು. ಪಂದ್ಯ ಮುಗಿದ ಮೇಲೆ ಪ್ರತಿ ಟೀಮೂ ಎದುರಿನ ಟೀಮಿಗೆ ಸ್ಪಿರಿಟ್ ಅಂಕ ಕೊಡಬೇಕು. ಐದು ವಿಷಯ ಇವೆ. ನಿಯಮ ತಿಳಿದುಕೊಂಡು ಸರಿಯಾಗಿ ಬಳಸಿದ್ರಾ, ಫೌಲು ತಳ್ಳಾಟ ಇಲ್ಲದೆ ಆಡಿದ್ರಾ, ತಮ್ಮ ಕಡೆ ಎದುರು ಕಡೆ ಅಂತ ನೋಡದೆ ನ್ಯಾಯವಾಗಿ ಯೋಚಿಸಿದ್ರಾ, ಸಿಟ್ಟು ಹಿಡಿತದಲ್ಲಿಟ್ಟುಕೊಂಡು ಖುಷಿಯಿಂದ ಆಡಿದ್ರಾ, ಮಾತು ಮರ್ಯಾದೆಯಿಂದ ಇತ್ತಾ. ಒಂದೊಂದಕ್ಕೂ 0ಯಿಂದ 4 ಅಂಕ. 2 ಅಂದರೆ ಚೆನ್ನಾಗಿತ್ತು ಅಂತಲೇ ಅರ್ಥ. ಹಾಗಾಗಿ ಒಂದು ಒಳ್ಳೆಯ ಪಂದ್ಯಕ್ಕೆ ಒಟ್ಟು 10 ಬಂದರೆ ಅದು ಸಹಜ. ಅದಕ್ಕಿಂತ ಮೇಲೆ ಹೋದರೆ ವಿಶೇಷ.

ಇವತ್ತು ಬೋರ್ಡಿನಲ್ಲಿ ಅಂಕ ಬರೆದ ತಕ್ಷಣ ಒಬ್ಬ ಅಪ್ಪ ಬಂದು "ನನ್ನ ಮಗ ಅಷ್ಟು ಶಿಸ್ತಿನಿಂದ ಆಡಿದ, 50 ಪರ್ಸೆಂಟ್ ಯಾಕೆ ಕೊಟ್ಟಿರಿ?" ಅಂತ ಕೇಳಿದರು. ಸೋತ ಒಂದು ಟೀಮು ಗೆದ್ದವರಿಗೆ ಒಟ್ಟು 3 ಕೊಟ್ಟಿತ್ತು. ಇನ್ನೊಂದು ಟೀಮು ಸ್ನೇಹಿತರಿಗೆ ಪೂರ್ತಿ 20 ಕೊಟ್ಟಿತ್ತು. ಒಬ್ಬಳು ಹುಡುಗಿ ಕೊನೆಯ ಪಾಯಿಂಟಿನಲ್ಲಿ ಡಿಸ್ಕ್ ಹಿಡಿದು, ತಾನಾಗಿಯೇ "ನನ್ನ ಕಾಲು ಗೆರೆ ಮೇಲಿತ್ತು, ಔಟ್" ಅಂದಳು. ಅವಳ ಟೀಮು ಸೋತಿತು. ಮನೆಯವರು ಎಲ್ಲರ ಎದುರೇ ಅವಳನ್ನು ಬೈದರು. ಅದು ನನಗೆ ಇನ್ನೂ ಮನಸ್ಸಿಂದ ಹೋಗಿಲ್ಲ.

ಈಗ ನನ್ನ ಪ್ರಶ್ನೆ. ಮಕ್ಕಳಿಗೆ ಈ ಅಂಕ ಬೇಕಾ? ಬೇಕಾದರೆ ಯಾವ ವಯಸ್ಸಿಂದ? ಇದನ್ನು ಹೇಳಿಕೊಡುವುದು ಹೇಗೆ? ಅನುಭವ ಇರುವವರು ದಯವಿಟ್ಟು ಬರೆಯಿರಿ.

ಕುದ್ರೋಳಿ_ಓದುಗ | ರಾತ್ರಿ 9:22

ರೆಫರಿಯೇ ಇಲ್ವಾ? ದೊಡ್ಡವರ ಆಟದಲ್ಲೂ?

ತಣ್ಣೀರುಬಾವಿ_ಗಾಳಿ | ರಾತ್ರಿ 9:25

ವಿಶ್ವ ಚಾಂಪಿಯನ್‌ಶಿಪ್ಪಿನಲ್ಲೂ ಇಲ್ಲ. ಅಲ್ಲಿ ಗೇಮ್ ಅಡ್ವೈಸರ್ ಅಂತ ಇರುತ್ತಾರೆ. ನಿಯಮ ಕೇಳಿದರೆ ಹೇಳುತ್ತಾರೆ, ಸಮಯ ನೋಡುತ್ತಾರೆ, ತಮಗೆ ಕಂಡದ್ದನ್ನು ಹೇಳುತ್ತಾರೆ. ತೀರ್ಪು ಮಾತ್ರ ಆಟಗಾರರದ್ದೇ.

ಅಂಡರ್‌ಆರ್ಮ್_ಅಣ್ಣ | ರಾತ್ರಿ 9:41

ಮಾರಾಯ್ರೆ, ನಮ್ಮ ಕಡೆ ಅಂಡರ್‌ಆರ್ಮ್ ಟೂರ್ನಮೆಂಟಲ್ಲಿ ಇಬ್ಬರು ಅಂಪೈರ್ ನಿಂತರೂ ಒಂದು ರನ್ ಔಟಿಗೆ ಅರ್ಧ ಗಂಟೆ ಆಟ ನಿಲ್ಲುತ್ತದೆ. ಕಂಬಳದಲ್ಲೂ ಈಗ ಲೇಸರ್, ಕ್ಯಾಮೆರಾ ಎಲ್ಲ ಬಂದಿದೆ. ಯಾಕೆ? ಜನರ ಮಾತಿನ ಮೇಲೆ ಬಿಟ್ಟರೆ ಜಗಳ ಮುಗಿಯುವುದಿಲ್ಲ. 12 ವರ್ಷದ ಮಕ್ಕಳ ಮೇಲೆ ಇಷ್ಟು ದೊಡ್ಡ ಹೊರೆ ಹಾಕುವುದು ಸರಿಯಲ್ಲ. ಒಬ್ಬ ರೆಫರಿ ಇಡಿ. ಮಕ್ಕಳು ಆರಾಮವಾಗಿ ಆಡಲಿ.

ಮಣಿಪಾಲ_ಲೇಔಟ್ | ರಾತ್ರಿ 10:02

ಅಣ್ಣಾ, ಒಂದು ವ್ಯತ್ಯಾಸ ಇದೆ. ಕ್ರಿಕೆಟಲ್ಲಿ ಔಟ್ ಅಂದರೆ ಬ್ಯಾಟ್ಸ್‌ಮನ್ ಮನೆಗೆ. ಒಂದು ತಪ್ಪು ತೀರ್ಪಿಗೆ ಇಡೀ ಆಟ ತಿರುಗಬಹುದು. ಅಲ್ಟಿಮೇಟಲ್ಲಿ ಇಬ್ಬರಿಗೂ ಒಪ್ಪಿಗೆ ಆಗಲಿಲ್ಲ ಅಂದರೆ, ಹೆಚ್ಚಿನ ಸಂದರ್ಭದಲ್ಲಿ ಡಿಸ್ಕ್ ಎಸೆದವನ ಕೈಗೆ ವಾಪಸ್ ಹೋಗುತ್ತದೆ. ಆ ಎಸೆತ ನಡೆಯಲೇ ಇಲ್ಲ ಅಂತ ಲೆಕ್ಕ. ಯಾರಿಗೂ ಪೂರ್ತಿ ಲಾಭ ಇಲ್ಲ, ಪೂರ್ತಿ ನಷ್ಟ ಇಲ್ಲ. ಹಾಗಾಗಿ ಸುಳ್ಳು ಹೇಳಿ ಸಿಗುವುದು ಕಮ್ಮಿ.

ನಾನು ಕಾಲೇಜಲ್ಲಿ ಆಡುತ್ತಾ ಕಲಿತವನು. ಮೊದಲು ಶಾಲೆಯಲ್ಲಿ ಫುಟ್‌ಬಾಲ್ ಆಡುತ್ತಿದ್ದೆ. ಅಲ್ಲಿ ರೆಫರಿ ನೋಡದಿದ್ದರೆ ಫೌಲೇ ಅಲ್ಲ ಅಂತ ನಮ್ಮ ತಲೆಯಲ್ಲಿ ಕೂತಿತ್ತು. ಅಂಗಿ ಎಳೆಯುವುದು, ಕಾಲು ಅಡ್ಡ ಹಾಕುವುದು, ಎಲ್ಲ ರೆಫರಿಯ ಕಣ್ಣು ತಪ್ಪಿಸಿ ಮಾಡುವ ಕಲೆ ಅಂತ ಸೀನಿಯರ್‌ಗಳೇ ಹೇಳಿಕೊಡುತ್ತಿದ್ದರು. ಇಲ್ಲಿ ಕಣ್ಣು ತಪ್ಪಿಸಲು ಯಾರೂ ಇಲ್ಲ. ಎದುರು ನಿಂತವನ ಮುಖ ನೋಡಿಯೇ "ಇಲ್ಲ, ನಾನು ತಾಗಲಿಲ್ಲ" ಅನ್ನಬೇಕು. ಅದು ಅಷ್ಟು ಸುಲಭ ಅಲ್ಲ.

ಅಂಡರ್‌ಆರ್ಮ್_ಅಣ್ಣ | ರಾತ್ರಿ 10:09

ಸುಳ್ಳು ಹೇಳುವವನಿಗೆ ಮುಖ ನೋಡಿ ಹೇಳುವುದೂ ಸುಲಭವೇ. ಅಮೆರಿಕದಲ್ಲಿ ವೃತ್ತಿಪರ ಲೀಗ್ ಉಂಟಲ್ಲ, ಅಲ್ಲಿ ರೆಫರಿ ಇಟ್ಟಿದ್ದಾರೆ. ಅವರಿಗೇ ನಂಬಿಕೆ ಇಲ್ಲ.

ಮಣಿಪಾಲ_ಲೇಔಟ್ | ರಾತ್ರಿ 10:15

ಇಟ್ಟಿದ್ದಾರೆ, ಹೌದು. ಆದರೆ ಅದೇ ಲೀಗಿನಲ್ಲಿ ಇನ್ನೊಂದು ನಿಯಮ ಇದೆ. ರೆಫರಿ ನನ್ನ ಪರವಾಗಿ ತಪ್ಪು ತೀರ್ಪು ಕೊಟ್ಟರೆ, ನಾನೇ "ಇಲ್ಲ, ಅದು ನನ್ನ ಫೌಲ್" ಅಂತ ಹೇಳಿ ಆ ತೀರ್ಪನ್ನು ಬದಲಾಯಿಸಬಹುದು. ರೆಫರಿ ಇದ್ದರೂ ಆ ಜವಾಬ್ದಾರಿಯನ್ನು ಆಟಗಾರನಿಂದ ತೆಗೆದಿಲ್ಲ.

ಬಿಜೈ_ಅಮ್ಮ | ರಾತ್ರಿ 10:30

ನಾನು ಇವತ್ತು ಬೀಚಲ್ಲಿ ಇದ್ದೆ. ನನ್ನ ಮಗ ಆಡುತ್ತಾನೆ. ಆ ಅಪ್ಪನ ಸಿಟ್ಟು ನನಗೆ ಅರ್ಥವಾಗುತ್ತದೆ. ನಮ್ಮ ಮನೆಗಳಲ್ಲಿ 20ಕ್ಕೆ 10 ಅಂದರೆ ಏನು ಅರ್ಥ ಹೇಳಿ? ಯೂನಿಟ್ ಟೆಸ್ಟಿನಲ್ಲಿ 20ಕ್ಕೆ 17 ಬಂದರೂ "ಉಳಿದ 3 ಎಲ್ಲಿ ಹೋಯ್ತು" ಅಂತ ಕೇಳುವ ಊರು ನಮ್ಮದು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಮೊದಲಾ, ದಕ್ಷಿಣ ಕನ್ನಡ ಮೊದಲಾ ಅಂತ ಪ್ರತಿ ವರ್ಷ ಕಾಯುವವರು ನಾವು. ಅಂಥ ಕಡೆ ಬೋರ್ಡಿನ ಮೇಲೆ ಮಗುವಿನ ಟೀಮಿನ ಎದುರು 10 ಅಂತ ಬರೆದು, "ಇದು ಒಳ್ಳೆಯ ಅಂಕ" ಅಂದರೆ ಯಾರು ನಂಬುತ್ತಾರೆ?

ಅಂಕ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ನೀವು ಪೋಷಕರಿಗೆ ಮೊದಲೇ ಒಂದು ಮಾತು ಹೇಳಿರಲಿಲ್ಲ. ನಮಗೆ ಬಂದ ಮೆಸೇಜಿನಲ್ಲಿ ಟೊಪ್ಪಿ ತನ್ನಿ, ನೀರು ತನ್ನಿ ಅಂತ ಮಾತ್ರ ಇತ್ತು.

ತಣ್ಣೀರುಬಾವಿ_ಗಾಳಿ | ರಾತ್ರಿ 10:34

ಸರಿಯಾದ ಮಾತು ಮೇಡಂ. ಮುಂದಿನ ಸಲ ಆಟ ಶುರುವಾಗುವ ಮೊದಲೇ ಪೋಷಕರನ್ನು ಕೂರಿಸಿ ಹೇಳುತ್ತೇವೆ.

ಕಾಪು_ದೀಪಸ್ತಂಭ | ರಾತ್ರಿ 10:40

ಬೋರ್ಡಲ್ಲಿ ಬರೆಯುವುದೇ ಬೇಡ. ಅಂಕ ಟೀಮುಗಳ ಮಧ್ಯೆ ಇರಲಿ.

ಅಜ್ಜರಕಾಡು_ಪಿಟಿ | ರಾತ್ರಿ 11:05

ನಾನು ಶಾಲೆಯಲ್ಲಿ ದೈಹಿಕ ಶಿಕ್ಷಕ. ಕಬಡ್ಡಿ, ತ್ರೋಬಾಲ್, ವಾಲಿಬಾಲ್ ನಮ್ಮ ಮುಖ್ಯ ಆಟಗಳು. ಫ್ರಿಸ್ಬೀ ಕೆಲವು ವರ್ಷಗಳಿಂದ ಮಾಡಿಸುತ್ತಿದ್ದೇನೆ. ಒಂದೊಂದಾಗಿ ಬರೆಯುತ್ತೇನೆ, ಉದ್ದ ಆಗಬಹುದು.

ಮೊದಲನೆಯದು, ವಯಸ್ಸು. ಐದನೇ ಆರನೇ ಕ್ಲಾಸಿನ ಮಕ್ಕಳಿಗೆ ಸಂಖ್ಯೆ ಕೊಡಬೇಡಿ. ಆ ವಯಸ್ಸಲ್ಲಿ ಅಂಕ ಅಂದರೆ ಶಿಕ್ಷೆ ಅಥವಾ ಬಹುಮಾನ, ಮಧ್ಯದಲ್ಲಿ ಏನೂ ಇಲ್ಲ. ಅವರಿಗೆ ವೃತ್ತ ಸಾಕು. ಆಟ ಮುಗಿದ ತಕ್ಷಣ ಎರಡೂ ಟೀಮು ಒಬ್ಬರು ಬಿಟ್ಟು ಒಬ್ಬರಂತೆ ಬೆರೆತು ನಿಲ್ಲಬೇಕು, ಹೆಗಲ ಮೇಲೆ ಕೈ ಹಾಕಿಕೊಂಡು. ಎದುರು ಟೀಮಿನ ಒಬ್ಬರ ಹೆಸರು ಹೇಳಿ, ಅವರು ಮಾಡಿದ ಒಂದು ಒಳ್ಳೆಯ ಕೆಲಸ ಹೇಳಬೇಕು. "ಚೆನ್ನಾಗಿ ಆಡಿದ್ರು" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಯಾವಾಗ, ಏನು ಮಾಡಿದ ಅಂತ ಹೇಳಬೇಕು. "ನಾನು ಬಿದ್ದಾಗ ಅವನು ಆಟ ನಿಲ್ಲಿಸಿ ಕೈ ಕೊಟ್ಟ." ಅಷ್ಟು ಸಾಕು.

ಎರಡನೆಯದು, ನಿಯಮ. ಮಕ್ಕಳ ಜಗಳದಲ್ಲಿ ಮುಕ್ಕಾಲು ಪಾಲು ಕೆಟ್ಟ ಮನಸ್ಸಿನಿಂದ ಬರುವುದಿಲ್ಲ, ನಿಯಮ ಗೊತ್ತಿಲ್ಲದ್ದರಿಂದ ಬರುತ್ತದೆ. ಒಬ್ಬ ಗೆರೆ ಮುಟ್ಟಿದರೆ ಒಳಗೆ ಅಂದುಕೊಂಡಿರುತ್ತಾನೆ, ವಾಲಿಬಾಲಿನ ಹಾಗೆ. ಇನ್ನೊಬ್ಬ ಗೆರೆ ಅಂದರೆ ಔಟ್ ಅಂತಾನೆ. ಅಲ್ಟಿಮೇಟಲ್ಲಿ ಮೈದಾನದ ಸುತ್ತಲಿನ ಗೆರೆ ಔಟ್. ಇದು ಮೊದಲೇ ಗೊತ್ತಿದ್ದರೆ ಜಗಳವೇ ಇಲ್ಲ. ಅದಕ್ಕೇ ಐದು ವಿಷಯಗಳಲ್ಲಿ ನಿಯಮದ್ದೇ ಮೊದಲು ಇದೆ ಅಂತ ನನ್ನ ನಂಬಿಕೆ.

ಮೂರನೆಯದು ಅಭ್ಯಾಸ. ಫೋರ್‌ಹ್ಯಾಂಡ್ ಕಲಿಸಲು ಎಷ್ಟು ಸಲ ಎಸೆಯಿಸುತ್ತೀರಿ? ಫೌಲ್ ಕರೆಯುವುದನ್ನೂ ಹಾಗೆಯೇ ಅಭ್ಯಾಸ ಮಾಡಿಸಬೇಕು. ನಾನು ಇಬ್ಬರನ್ನು ನಿಲ್ಲಿಸಿ ಬೇಕಂತಲೇ ಒಂದು ಡಿಕ್ಕಿ ಮಾಡಿಸುತ್ತೇನೆ. ಒಬ್ಬ ಫೌಲ್ ಅನ್ನಬೇಕು. ಏನಾಯ್ತು ಅಂತ ಮೆಲ್ಲಗೆ ಹೇಳಬೇಕು. ಇನ್ನೊಬ್ಬ ಪೂರ್ತಿ ಕೇಳಿ, ಆಮೇಲೆ ಒಪ್ಪುತ್ತೇನೆ ಅಥವಾ ಒಪ್ಪುವುದಿಲ್ಲ ಅನ್ನಬೇಕು. ಸುತ್ತ ಇರುವವರು ಬಾಯಿ ಹಾಕಬಾರದು, ಅವರಿಗೆ ಚೆನ್ನಾಗಿ ಕಂಡಿದ್ದರೆ ಮತ್ತು ಕೇಳಿದರೆ ಮಾತ್ರ ಹೇಳಬೇಕು. ಮೊದಲ ದಿನ ನಗುತ್ತಾರೆ. ಆಮೇಲೆ ಅಭ್ಯಾಸ ಆಗುತ್ತದೆ.

ನಾಲ್ಕನೆಯದು, ದೊಡ್ಡವರು. ಕೋಚು, ಅಪ್ಪ ಅಮ್ಮ, ಯಾರೂ ಗೆರೆ ಹೊರಗಿಂದ "ಔಟ್! ಔಟ್!" ಅಂತ ಕೂಗಬಾರದು. ಮಗು ಆಗ ಎದುರಾಳಿಯನ್ನು ನೋಡುವುದಿಲ್ಲ, ತಿರುಗಿ ನಿಮ್ಮನ್ನು ನೋಡುತ್ತದೆ. ನಾನು ಪೋಷಕರನ್ನು ಎಂಡ್ ಝೋನಿನ ಹಿಂದೆ ದೂರ ಕೂರಿಸುತ್ತೇನೆ.

ಕುದ್ರೋಳಿ_ಓದುಗ | ರಾತ್ರಿ 11:12

ಪಿಟಿ ಸರ್, ಇದನ್ನು ನಮ್ಮ ಏರಿಯಾದ ಕ್ರಿಕೆಟ್ ಹುಡುಗರಿಗೂ ಹೇಳಿಕೊಡಿ.

ಬಿಜೈ_ಅಮ್ಮ | ರಾತ್ರಿ 11:15

ದೂರ ಕೂರಿಸುವುದು ಒಳ್ಳೆಯದು. ಆದರೆ ನೆರಳು ಇರುವ ಕಡೆ ಕೂರಿಸಿ ಸರ್. ಇವತ್ತು ಬಿಸಿಲಲ್ಲಿ ಎಲ್ಲರ ತಾಳ್ಮೆಯೂ ಹೋಗಿತ್ತು.

ಮೂಡುಬಿದಿರೆ_ಕಂಬ | ಸೋಮವಾರ, ಬೆಳಿಗ್ಗೆ 7:20

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಒಳ್ಳೆಯತನಕ್ಕೆ ಅಂಕ ಕೊಟ್ಟರೆ ಮಕ್ಕಳು ಅಂಕಕ್ಕಾಗಿ ಒಳ್ಳೆಯವರಾಗುತ್ತಾರೆ. 2018ರ ಫುಟ್‌ಬಾಲ್ ವಿಶ್ವಕಪ್ ನೆನಪು ಮಾಡಿಕೊಳ್ಳಿ. ಜಪಾನ್, ಸೆನೆಗಲ್ ಎರಡಕ್ಕೂ ಪಾಯಿಂಟ್ ಸಮ, ಗೋಲು ಸಮ. ಹಳದಿ ಕಾರ್ಡ್ ಕಮ್ಮಿ ಇದ್ದ ಜಪಾನ್ ಮುಂದೆ ಹೋಯ್ತು. ಕೊನೆಯ ಪಂದ್ಯದಲ್ಲಿ ಅವರು ಪೋಲೆಂಡ್ ಎದುರು 0-1 ಹಿಂದೆ ಇದ್ದರು. ಆದರೂ ಕೊನೆಯ ನಿಮಿಷಗಳಲ್ಲಿ ಚೆಂಡನ್ನು ಹಿಂದೆ ಹಿಂದೆಯೇ ಪಾಸ್ ಮಾಡಿ ಹೊತ್ತು ಕಳೆದರು, ಇನ್ನೊಂದು ಕಾರ್ಡ್ ಬರಬಾರದು ಅಂತ. ಜನ ಕೂಗಿದರು. ಫೇರ್ ಪ್ಲೇ ಅಂತ ಇಟ್ಟ ನಿಯಮವೇ ಆಟ ಆಡದಿರುವುದಕ್ಕೆ ಕಾರಣ ಆಯ್ತು.

ಮಕ್ಕಳ ಟೂರ್ನಮೆಂಟಲ್ಲಿ ಸ್ಪಿರಿಟ್ ಕಪ್ ಇಟ್ಟರೂ ಇದೇ ಆಗುತ್ತದೆ. ನಿಜವಾಗಿ ಫೌಲ್ ಆದಾಗಲೂ ಮಗು ಸುಮ್ನೆ ಇರುತ್ತದೆ. ಕೇಳಿದರೆ ಅಂಕ ಹೋಗುತ್ತದೆ ಅನ್ನುವ ಹೆದರಿಕೆ.

ಮಣಿಪಾಲ_ಲೇಔಟ್ | ಬೆಳಿಗ್ಗೆ 8:05

ಆ ಹೆದರಿಕೆ ನಿಜ, ನಾನು ನೋಡಿದ್ದೇನೆ. ಹುಡುಗಿಯರಲ್ಲಿ ಜಾಸ್ತಿ. ಆದರೆ ಕಾರ್ಡು ಲೆಕ್ಕ ಹಾಕುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಕಾರ್ಡ್ ಕೊಡುವುದು ರೆಫರಿ. ಸ್ಪಿರಿಟ್ ಅಂಕ ಕೊಡುವುದು ಎದುರು ಆಡಿದವರು. ಫೌಲ್ ಕರೆದದ್ದಕ್ಕೆ ಅಂಕ ಕಳೆಯಬೇಕು ಅಂತ ಎಲ್ಲೂ ಇಲ್ಲ. ಸರಿಯಾದ ಕಾರಣಕ್ಕೆ ಫೌಲ್ ಕರೆದು, ಶಾಂತವಾಗಿ ವಿವರಿಸಿದರೆ ನಿಯಮದ ವಿಷಯಕ್ಕೂ ಮಾತಿನ ವಿಷಯಕ್ಕೂ ಅದು ಒಳ್ಳೆಯದೇ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಸ್ಪಿರಿಟ್ ಅಂದರೆ ಬಾಯಿ ಮುಚ್ಚಿಕೊಂಡು ಇರುವುದಲ್ಲ. ಗೆಲ್ಲಲು ಜೋರಾಗಿಯೇ ಆಡಬೇಕು. ಬಿಟ್ಟುಕೊಡುವ ಆಟ ಯಾರಿಗೆ ಬೇಕು?

ಮೂಡುಬಿದಿರೆ_ಕಂಬ | ಬೆಳಿಗ್ಗೆ 8:11

ಪುಸ್ತಕದಲ್ಲಿ ಹಾಗೆ ಇರಬಹುದು. ಸೋತ 12 ವರ್ಷದ ಮಗು 3 ಅಂಕ ಕೊಟ್ಟಿತಲ್ಲ, ಅದು ಬಿಡಿಸಿ ಹೇಳಿದರೆ ಸರಿ ಹೋಗುತ್ತದಾ?

ಅಜ್ಜರಕಾಡು_ಪಿಟಿ | ಬೆಳಿಗ್ಗೆ 8:30

ಹೋಗುತ್ತದೆ, ನಿಧಾನಕ್ಕೆ. ನಾವು ಒಂದು ಕ್ರಮ ಇಟ್ಟುಕೊಂಡಿದ್ದೇವೆ. 2 ಕೊಟ್ಟರೆ ಏನೂ ಬರೆಯಬೇಕಾಗಿಲ್ಲ. 0 ಅಥವಾ 1 ಕೊಟ್ಟರೆ ಯಾವ ಘಟನೆ ಅಂತ ಒಂದು ಸಾಲು ಬರೆಯಬೇಕು. 4 ಕೊಟ್ಟರೂ ಬರೆಯಬೇಕು. "ಅವರು ಗೆದ್ದರು, ನಮಗೆ ಬೇಜಾರಾಯ್ತು" ಅಂತ ಬರೆಯಲು ಯಾವ ಮಗುವಿಗೂ ಕೈ ಬರುವುದಿಲ್ಲ. ಬರೆಯಲು ಕೂತಾಗಲೇ ಅರ್ಧ ಜನ 1 ಅನ್ನು ಅಳಿಸಿ 2 ಮಾಡುತ್ತಾರೆ. ಸ್ನೇಹಿತರಿಗೆ ಕೊಟ್ಟ 20ಕ್ಕೂ ಇದೇ ಮದ್ದು.

ಇನ್ನೊಂದು, ಹಾಳೆಯಲ್ಲಿ ಸ್ವಂತ ಟೀಮಿಗೂ ಅಂಕ ಕೊಡುವ ಜಾಗ ಇರುತ್ತದೆ. ಅದನ್ನು ಮೊದಲು ತುಂಬಿಸಿ. ತಮ್ಮ ತಳ್ಳಾಟಕ್ಕೆ 1 ಬರೆದ ಮೇಲೆ ಎದುರಿನವರಿಗೆ 0 ಬರೆಯಲು ಯೋಚನೆ ಮಾಡುತ್ತಾರೆ.

ಪಡುಬಿದ್ರಿ_ಮಳೆ | ಬೆಳಿಗ್ಗೆ 9:00

ಮೊದಲು ಸ್ವಂತ ಅಂಕ. ಇದು ತುಂಬ ಇಷ್ಟ ಆಯ್ತು.

ಸುರತ್ಕಲ್_ಲೈಟ್‌ಹೌಸ್ | ಬೆಳಿಗ್ಗೆ 9:40

ನಮ್ಮ ಕನ್ನಡದವರದ್ದೇ ಉದಾಹರಣೆ ಇದೆ ಅಲ್ವಾ? ಜಿ.ಆರ್. ವಿಶ್ವನಾಥ್. ಇಂಗ್ಲೆಂಡ್ ವಿರುದ್ಧ ಚೆನ್ನೈ ಟೆಸ್ಟಲ್ಲಿ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಬ್ಯಾಟಿಗೆ ತಾಗಿಲ್ಲ ಅಂತ ಗೊತ್ತಾಗಿ, ಕ್ಯಾಪ್ಟನ್ ಆಗಿದ್ದ ವಿಶಿ ವಾಪಸ್ ಕರೆದರು.

ಅಂಡರ್‌ಆರ್ಮ್_ಅಣ್ಣ | ಬೆಳಿಗ್ಗೆ 9:52

ಚೆನ್ನೈ ಅಲ್ಲ, ಮುಂಬೈ ವಾಂಖೆಡೆ. 1980ರ ಜುಬಿಲಿ ಟೆಸ್ಟ್. ಆಮೇಲೆ ಟೇಲರ್, ಬೋಥಮ್ ಸೇರಿ ದೊಡ್ಡ ಜೊತೆಯಾಟ ಆಡಿದರು. ಬೋಥಮ್ ಶತಕ ಹೊಡೆದು 13 ವಿಕೆಟ್ಟೂ ತೆಗೆದ. ನಾವು 10 ವಿಕೆಟಿನಿಂದ ಸೋತೆವು. ಅದಕ್ಕೇ ನಾನು ಹೇಳುವುದು, ತೀರ್ಪು ಅಂಪೈರಿಗೆ ಬಿಡಬೇಕು.

ಸುರತ್ಕಲ್_ಲೈಟ್‌ಹೌಸ್ | ಬೆಳಿಗ್ಗೆ 9:58

ವಾಂಖೆಡೆ, ಸರಿ. ಆದರೆ ಅಣ್ಣಾ, ಸೋತ ಆ ಟೆಸ್ಟನ್ನು 40 ವರ್ಷ ದಾಟಿದ ಮೇಲೂ ನಾವಿಬ್ಬರು ಮಾತಾಡುತ್ತಿರುವುದು ವಿಶಿ ಮಾಡಿದ ಆ ಒಂದು ಕೆಲಸಕ್ಕೇ ಅಲ್ವಾ? ಭದ್ರಾವತಿಯ ಹುಡುಗ ಅವರು. ನನ್ನ ಅಪ್ಪ ಇದನ್ನು ಹೇಳುವಾಗ ಸೋತ ಬೇಜಾರು ಒಂದು ದಿನವೂ ಮುಖದಲ್ಲಿ ಕಂಡಿಲ್ಲ.

ಅಂಡರ್‌ಆರ್ಮ್_ಅಣ್ಣ | ಬೆಳಿಗ್ಗೆ 10:03

ವಿಶಿ ಬಗ್ಗೆ ನನ್ನದೂ ಅದೇ ಗೌರವ. ಆದರೆ ಅವರು ಬೆಳೆದು ನಿಂತ ಆಟಗಾರ. ಮಕ್ಕಳಿಂದ ಅದನ್ನು ಕೇಳುವುದು ಬೇರೆ.

ಫೋರ್‌ಹ್ಯಾಂಡ್_ಹುಡುಗಿ | ಸಂಜೆ 5:35

ನಾನು 14 ವರ್ಷ. ಅಮ್ಮನ ಫೋನಿಂದ ಬರೆಯುತ್ತಿದ್ದೇನೆ, ಅಮ್ಮ ಪಕ್ಕದಲ್ಲೇ ಇದ್ದಾರೆ. ನಿನ್ನೆ ಔಟ್ ಅಂತ ಹೇಳಿದ ಹುಡುಗಿಯನ್ನು ಗಾರ್ಡ್ ಮಾಡುತ್ತಿದ್ದವಳು ನಾನೇ. ಏನಾಯ್ತು ಅಂತ ಹೇಳುತ್ತೇನೆ.

ಸ್ಕೋರ್ ಸಮ ಇತ್ತು. ಮುಂದಿನ ಪಾಯಿಂಟ್ ಮಾಡಿದವರು ಗೆಲ್ಲುತ್ತಿದ್ದರು. ಡಿಸ್ಕ್ ಗಾಳಿಗೆ ಸಮುದ್ರದ ಕಡೆಯಿಂದ ವಾಪಸ್ ತಿರುಗಿತು. ಅವಳು ನನಗಿಂತ ಮುಂದೆ ಹಾರಿ ಎರಡು ಕೈಯಲ್ಲಿ ಹಿಡಿದಳು. ಎಲ್ಲರೂ ಗೆದ್ದೆವು ಅಂತ ಕೂಗಿದರು. ನಾನು ಹಿಂದೆ ಇದ್ದೆ, ನನಗೆ ಅವಳ ಕಾಲು ಕಾಣಲಿಲ್ಲ. ನಾನು ಏನೂ ಕರೆಯಲಿಲ್ಲ. ಅವಳೇ ಕೆಳಗೆ ನೋಡಿದಳು. ಗೆರೆಗೆ ನೀಲಿ ಟೇಪು ಕಟ್ಟಿದ್ದರು. ಟೇಪು ಮರಳೊಳಗೆ ಹೂತು ಹೋಗಿತ್ತು, ಅದರ ಮೇಲೆ ಹಿಮ್ಮಡಿಯ ಗುರುತು. ನನ್ನನ್ನು ಕರೆದು "ಇದು ನನ್ನದಾ ನಿನ್ನದಾ?" ಅಂತ ಕೇಳಿದಳು. ನಾನು ಪಕ್ಕದಲ್ಲಿ ಕಾಲಿಟ್ಟು ನೋಡಿದೆ. ನನ್ನ ಪಾದ ಅವಳದ್ದಕ್ಕಿಂತ ದೊಡ್ಡದು. ಗುರುತು ಅವಳದ್ದೇ. ಅವಳು ಡಿಸ್ಕ್ ಕೆಳಗಿಟ್ಟಳು.

ಡಿಸ್ಕ್ ನಮಗೆ ಬಂತು, ಆಮೇಲೆ ನಾವು ಪಾಯಿಂಟ್ ಮಾಡಿ ಗೆದ್ದೆವು. ಆದರೆ ಅವರ ಮನೆಯವರು ಬೈಯುವಾಗ ನನಗೆ ಅಳು ಬಂತು. ನಮ್ಮ ಟೀಮು ಅವರಿಗೆ ನ್ಯಾಯದ ವಿಷಯಕ್ಕೆ 4 ಕೊಟ್ಟಿದೆ. ಯಾರೂ ಹೇಳಿಕೊಟ್ಟು ಕೊಟ್ಟದ್ದಲ್ಲ. ಅವಳ ಅಪ್ಪ ಅಮ್ಮನಿಗೆ ಇದನ್ನು ಯಾರಾದರೂ ಹೇಳಿ, ಪ್ಲೀಸ್.

ಅಜ್ಜರಕಾಡು_ಪಿಟಿ | ಸಂಜೆ 5:50

ಮಗಳೇ, ತುಂಬ ಚೆನ್ನಾಗಿ ಬರೆದಿದ್ದೀಯ. ಇಲ್ಲಿ ದೊಡ್ಡವರು ಬರೆದದ್ದಕ್ಕಿಂತ ಇದರಲ್ಲಿ ಜಾಸ್ತಿ ಇದೆ.

ಬಿಜೈ_ಅಮ್ಮ | ಸಂಜೆ 6:10

ಆ ಮಗುವಿನ ಅಮ್ಮನ ಪರಿಚಯ ನನಗಿದೆ. ನಾನೇ ಫೋನ್ ಮಾಡುತ್ತೇನೆ.

ಅಂಡರ್‌ಆರ್ಮ್_ಅಣ್ಣ | ಸಂಜೆ 6:25

ಈ ಹುಡುಗಿ ಬರೆದದ್ದನ್ನು ಎರಡು ಸಲ ಓದಿದೆ. ಮಕ್ಕಳಿಗೆ ಆಗುವುದಿಲ್ಲ ಅಂತ ನಾನು ಹೇಳಿದ್ದೆ. ಇಬ್ಬರು ಮಕ್ಕಳು ಮಾಡಿ ತೋರಿಸಿದ್ದಾರೆ. ಆದರೂ ಒಂದು ಕೇಳುತ್ತೇನೆ. ಮರಳಲ್ಲಿ ಗುರುತು ಇತ್ತು, ಸರಿ. ಹುಲ್ಲಿನ ಮೈದಾನದಲ್ಲಿ ಗುರುತೇ ಇರುವುದಿಲ್ಲ. ಆಗ?

ಮಣಿಪಾಲ_ಲೇಔಟ್ | ಸಂಜೆ 6:40

ಆಗ ಚೆನ್ನಾಗಿ ಕಂಡವರು ಯಾರು ಅಂತ ನೋಡುವುದು. ಗೆರೆಯ ನೇರಕ್ಕೆ ನಿಂತವನಿಗೆ ಓಡುತ್ತಿದ್ದವನಿಗಿಂತ ಸರಿಯಾಗಿ ಕಾಣುತ್ತದೆ. ಅವನು ಯಾವ ಟೀಮಾದರೂ ಸರಿ. ಅವನನ್ನು ಕೇಳಬೇಕು. ಎಷ್ಟೋ ಸಲ ಎದುರು ಟೀಮಿನವನೇ "ಇಲ್ಲ, ಒಳಗಿತ್ತು" ಅಂತ ಹೇಳುತ್ತಾನೆ. ಯಾರಿಗೂ ಕಾಣದಿದ್ದರೆ, ಒಪ್ಪಿಗೆ ಆಗದಿದ್ದರೆ, ಡಿಸ್ಕ್ ವಾಪಸ್.

ಮಲ್ಪೆ_ಬೋಟು | ಸಂಜೆ 7:00

ವಿಷಯ ಸ್ವಲ್ಪ ಬೇರೆ. ಬೀಚಲ್ಲಿ ಆಡಿಸುವವರು ಮಧ್ಯಾಹ್ನ ಯಾಕೆ ಇಡುತ್ತೀರಿ? ಮಧ್ಯಾಹ್ನ ಆದ ಮೇಲೆ ಪಡುವಣ ಗಾಳಿ ಜೋರು. ಡಿಸ್ಕ್ 175 ಗ್ರಾಂ ಅಷ್ಟೇ. ದೊಡ್ಡವರಿಗೇ ನೇರ ಹೋಗುವುದಿಲ್ಲ. ಬೆಳಿಗ್ಗೆ ಆರೂವರೆಗೆ ಶುರು ಮಾಡಿ. ಗಾಳಿ ಕಮ್ಮಿ, ಮರಳು ತಣ್ಣಗೆ, ಜನವೂ ಕಮ್ಮಿ.

ತಣ್ಣೀರುಬಾವಿ_ಗಾಳಿ | ಸಂಜೆ 7:04

ಉಡುಪಿ ಮಕ್ಕಳು ಬಸ್ಸಲ್ಲಿ ಬರಬೇಕಿತ್ತು, ಅದಕ್ಕೆ ತಡ ಆಯ್ತು. ಮುಂದಿನದ್ದು ಮಲ್ಪೆ ಕಡೆ ಇಟ್ಟರೆ ನಾವು ಬೆಳಿಗ್ಗೆ ಬೇಗ ಹೊರಡುತ್ತೇವೆ.

ಪಡುಬಿದ್ರಿ_ಮಳೆ | ಸಂಜೆ 7:15

ಜೂನ್ ಒಳಗೆ ಮುಗಿಸಿ. ಆಮೇಲೆ ಬೀಚೂ ಇಲ್ಲ, ಮೈದಾನವೂ ಇಲ್ಲ, ಎಲ್ಲ ಕೆಸರು.

ಅಜ್ಜರಕಾಡು_ಪಿಟಿ | ಸಂಜೆ 7:20

ಕೆಸರಲ್ಲೂ ಆಡಬಹುದು, ಮಕ್ಕಳಿಗೆ ಇಷ್ಟ. ಆದರೆ ಜಾರಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಮಳೆಗಾಲದಲ್ಲಿ ತಳ್ಳಾಟದ ವಿಷಯವನ್ನು ಮೊದಲೇ ಮಾತಾಡಿಕೊಂಡು ಆಡಿಸಬೇಕು.

ಮೂಡುಬಿದಿರೆ_ಕಂಬ | ರಾತ್ರಿ 8:45

ಆ ಹುಡುಗಿಯ ಬರಹ ನೋಡಿದ ಮೇಲೆ ನನ್ನ ಮಾತು ಇನ್ನೂ ಗಟ್ಟಿ ಆಯ್ತು. ಆ ಮಗು ಔಟ್ ಅಂದದ್ದು ಅಂಕಕ್ಕಾಗಿ ಅಲ್ಲ. ಅಂಕದ ಹಾಳೆ ಇಲ್ಲದಿದ್ದರೂ ಅವಳು ಅದನ್ನೇ ಹೇಳುತ್ತಿದ್ದಳು. ಹಾಗಾದರೆ ಅಂಕ ಯಾಕೆ?

ಮಣಿಪಾಲ_ಲೇಔಟ್ | ರಾತ್ರಿ 9:10

ಅವಳಿಗೆ ಬೇಡ, ಒಪ್ಪುತ್ತೇನೆ. ಅಂಕ ಬೇಕಾಗಿರುವುದು ಉಳಿದವರಿಗೆ. ಯಾವಾಗಲೂ ಜೋರು ಧ್ವನಿಯಲ್ಲಿ ಮಾತಾಡುವ ಹುಡುಗನಿಗೆ ತಾನು ಕೂಗುತ್ತಿದ್ದೇನೆ ಅಂತಲೇ ಗೊತ್ತಿರುವುದಿಲ್ಲ. ಕೋಚ್ ಹೇಳಿದರೆ "ಸರ್‌ಗೆ ನನ್ನ ಮೇಲೆ ಸಿಟ್ಟು" ಅಂದುಕೊಳ್ಳುತ್ತಾನೆ. ಬೇರೆ ಬೇರೆ ಮೂರು ಟೀಮು ಮಾತಿನ ವಿಷಯಕ್ಕೆ 1 ಕೊಟ್ಟರೆ ಟೀಮೇ ಕೂತು ಯೋಚಿಸುತ್ತದೆ. ನಮ್ಮ ಕಾಲೇಜು ಟೀಮಿಗೆ ಒಂದು ಟೂರ್ನಮೆಂಟಲ್ಲಿ ಇದೇ ಬಂತು. ನಾವು ತುಂಬ ಶಿಸ್ತಿನ ಟೀಮು ಅಂತ ತಿಳಿದಿದ್ದೆವು. ನಿಯಮಕ್ಕೆ 3, ಮಾತಿಗೆ 1. ನಿಯಮ ಬಾಯಿಪಾಠ ಇತ್ತು, ಅದನ್ನು ಎದುರಿನವರ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದೆವು. ಆ ಹಾಳೆ ಇಲ್ಲದಿದ್ದರೆ ನಮಗೆ ಯಾರೂ ಹೇಳುತ್ತಿರಲಿಲ್ಲ.

ಮೂಡುಬಿದಿರೆ_ಕಂಬ | ರಾತ್ರಿ 9:18

ಇದು ಸರಿಯಾದ ಕಾರಣ. ಹಾಳೆ ಇರಲಿ. ಕಪ್ ಬೇಡ ಅನ್ನುವುದರಲ್ಲಿ ನಾನು ಬದಲಾಗುವುದಿಲ್ಲ.

ಫೋರ್‌ಹ್ಯಾಂಡ್_ಹುಡುಗಿ | ರಾತ್ರಿ 9:25

ಕಪ್ ಇರಲಿ ಅಂಕಲ್. ಗೆದ್ದವರಿಗೆ ಕಪ್ ಇದೆಯಲ್ಲ, ಸ್ಪಿರಿಟಿಗೆ ಮಾತ್ರ ಯಾಕೆ ಬೇಡ? ನಮ್ಮ ಟೀಮಲ್ಲಿ ಎಲ್ಲರಿಗೂ ಸ್ಪಿರಿಟ್ ಕಪ್ಪೇ ಬೇಕು.

ಕಾಪು_ದೀಪಸ್ತಂಭ | ರಾತ್ರಿ 9:31

ವಿಶ್ವ ಚಾಂಪಿಯನ್‌ಶಿಪ್ಪಿನಲ್ಲೂ ಸ್ಪಿರಿಟಿಗೆ ಬೇರೆ ಪ್ರಶಸ್ತಿ ಕೊಡುತ್ತಾರೆ. ಹುಡುಗಿ ಹೇಳುವುದು ಸರಿ.

ತಣ್ಣೀರುಬಾವಿ_ಗಾಳಿ | ಮಂಗಳವಾರ, ರಾತ್ರಿ 8:50

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ನಮ್ಮ ಕೋಚುಗಳೆಲ್ಲ ಕೂತು ಮಾತಾಡಿದೆವು. 12ರ ಒಳಗಿನವರಿಗೆ ಸಂಖ್ಯೆ ಇಲ್ಲ, ವೃತ್ತ ಮಾತ್ರ. 12 ದಾಟಿದವರು ಹಾಳೆ ತುಂಬಬೇಕು, ಸ್ವಂತ ಟೀಮಿನ ಅಂಕ ಮೊದಲು. 0, 1, 4 ಕೊಟ್ಟರೆ ಒಂದು ಸಾಲು ಕಾರಣ. ಕೋಚ್ ಪೆನ್ ಮುಟ್ಟುವಂತಿಲ್ಲ. ಪ್ರತಿ ಟೀಮಿಗೆ ಒಬ್ಬ ಸ್ಪಿರಿಟ್ ಕ್ಯಾಪ್ಟನ್, ಪ್ರತಿ ಸಲ ಬೇರೆ ಮಗು. ಆಟದ ಮಧ್ಯೆ ಬಿಸಿ ಜಾಸ್ತಿ ಆದರೆ ಆಟ ನಿಲ್ಲಿಸಿ ಎರಡೂ ಟೀಮನ್ನು ಸೇರಿಸುವುದು ಆ ಮಗುವಿನ ಕೆಲಸ. ಬೋರ್ಡಲ್ಲಿ ಅಂಕ ಬರೆಯುವುದಿಲ್ಲ. ಕಪ್ ಇರುತ್ತದೆ. ಮೂಡುಬಿದಿರೆಯವರು ಕ್ಷಮಿಸಬೇಕು, ಮಕ್ಕಳ ಓಟು ಆ ಕಡೆ ಬಿತ್ತು.

ಹಾಳೆಯಲ್ಲಿ ಸಂಖ್ಯೆಯ ಪಕ್ಕ ಮಾತೂ ಇರುತ್ತದೆ. 0 ಅಂದರೆ ತುಂಬ ಕೆಟ್ಟದಾಗಿತ್ತು, 1 ಅಂದರೆ ಅಷ್ಟು ಸರಿ ಇರಲಿಲ್ಲ, 2 ಅಂದರೆ ಚೆನ್ನಾಗಿತ್ತು, 3 ಅಂದರೆ ತುಂಬ ಚೆನ್ನಾಗಿತ್ತು, 4 ಅಂದರೆ ಮರೆಯಲು ಆಗುವುದಿಲ್ಲ. ಮಕ್ಕಳು ಮಾತನ್ನು ಓದಿ ಗುರುತು ಹಾಕಲಿ, ಕೂಡಿಸುವುದು ಆಮೇಲೆ ನಾವು ಮಾಡುತ್ತೇವೆ.

ಪೋಷಕರಿಗೆ ಹತ್ತು ನಿಮಿಷದ ಮಾತು ಆಟಕ್ಕೆ ಮೊದಲು. ಅದನ್ನು ಯಾರು ಮಾಡುತ್ತೀರಿ? ನಾವು ಹೇಳುವುದಕ್ಕಿಂತ ಒಬ್ಬರು ಪೋಷಕರೇ ಹೇಳಿದರೆ ಒಳ್ಳೆಯದು.

ಬಿಜೈ_ಅಮ್ಮ | ರಾತ್ರಿ 9:05

ನಾನು ಮಾಡುತ್ತೇನೆ. ಆ ಹುಡುಗಿಯ ಅಮ್ಮನ ಹತ್ತಿರ ನಿನ್ನೆ ತುಂಬ ಹೊತ್ತು ಮಾತಾಡಿದೆ. ಇಲ್ಲಿ ಬರೆದದ್ದನ್ನು ಓದಿ ಹೇಳಿದೆ. ನಮ್ಮ ಎದುರು ಆಡಿದ ಮಕ್ಕಳೇ 4 ಕೊಟ್ಟರಾ ಅಂತ ಮತ್ತೆ ಮತ್ತೆ ಕೇಳಿದರು. ಮಗಳನ್ನು ಮುಂದಿನ ಸಲವೂ ಕಳಿಸುತ್ತಾರಂತೆ.

ಅಂಡರ್‌ಆರ್ಮ್_ಅಣ್ಣ | ರಾತ್ರಿ 9:20

ನಮ್ಮ ಕಡೆ ಒಂದು ಮೈದಾನ ಉಂಟು, ಬೆಳಿಗ್ಗೆ ಹೊತ್ತು ಖಾಲಿ ಇರುತ್ತದೆ. ಮಳೆ ಮೊದಲು ಅಭ್ಯಾಸಕ್ಕೆ ಬೇಕಾದರೆ ಕೇಳಿ. ನನ್ನ ಮಗ ಏಳನೇ ಕ್ಲಾಸ್, ಅವನೂ ಬರುತ್ತಾನೆ. ಬೂಟು ಬೇಕಾ, ಬರಿಗಾಲಲ್ಲಿ ಆಗುತ್ತದಾ?

ಅಜ್ಜರಕಾಡು_ಪಿಟಿ | ರಾತ್ರಿ 9:24

ಮರಳಲ್ಲಿ ಬರಿಗಾಲು, ಮೈದಾನದಲ್ಲಿ ಬೂಟು. ಕರೆದುಕೊಂಡು ಬನ್ನಿ.